ಎರಡು ಕೈಗೂ ಒಂದೇ ಪಂಕ್ತಿ

ಸಿಂಚನಾ, ತೇಜಸ್, ಕೈಗೆ ಇಸುಬು ಹತ್ತಿ ನಾನು ಮುದ್ದೆ ಕಟ್ಟಲಾಗದೆ ಕೂತಿದ್ದಾಗ ಸಿಕ್ಕಿದ ಡಾಕ್ಟರಮ್ಮನ ವಿಚಾರ ಬರೆಯುತ್ತಿದ್ದೇನೆ.

ಚೇಳೂರಿನಿಂದ ಬಸ್ಸು ಹತ್ತಿ ತುಮಕೂರಿನ ಆಸ್ಪತ್ರೆಗೆ ಹೋಗುತ್ತಿದ್ದೆ. ಸೆರಗಿನೊಳಗೆ ಅಡಗಿಸಿದ ಕೈಯನ್ನು ಅವರೇ ಮೆಲ್ಲಗೆ ಹಿಡಿದು, "ಬೆಳಕಿಗೆ ಬನ್ನಿ ಅಜ್ಜಿ" ಎಂದು ಕಿಟಕಿಯ ಬಳಿ ಕರೆದೊಯ್ಯುತ್ತಿದ್ದರು. ಬರಿಗೈಯಲ್ಲೇ ಸವರಿ ನೋಡುತ್ತಿದ್ದರು. ನನ್ನ ನಾಚಿಕೆ ಅಲ್ಲೇ ಅರ್ಧ ಇಳಿಯುತ್ತಿತ್ತು.

ಎರಡು ಮುಲಾಮುಗಳಲ್ಲಿ ಯಾವುದು ವಾಸಿ ಎಂದು ಅವರು ಪರೀಕ್ಷೆ ನಡೆಸುತ್ತಿದ್ದರು. ನಾನೂ ಸೇರಿಕೊಂಡೆ. ಬಲಗೈಗೆ ಒಂದು, ಎಡಗೈಗೆ ಇನ್ನೊಂದು ಹಚ್ಚಬೇಕಿತ್ತು. ಮತ್ತೆ ಹೋದಾಗ ಕೈಗಳನ್ನು ತಿರುಗಿಸಿ ನೋಡಿ, "ಇದೇನಜ್ಜಿ, ಎರಡೂ ಒಂದೇ ಥರ ಅವೆ?" ಎಂದರು.

"ಎರಡು ಮುಲಾಮೂ ಕಲಸಿ ಎರಡು ಕೈಗೂ ಹಚ್ದೆ ಕಣಮ್ಮ. ಒಂದೇ ಪಂಕ್ತೀಲಿ ಕೂತೋರಿಗೆ ಬೇರೆ ಬೇರೆ ಬಡಿಸ್ತಾರಾ?"

ಅವರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಪರೀಕ್ಷೇನೇ ಕೆಡಿಸ್ಬುಟ್ರಲ್ಲಜ್ಜಿ!"

ನಾನು ಕೈಗಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡೆ. "ಹಂಗಾದ್ರೆ ಇನ್ನು ಬರಬ್ಯಾಡಿ ಅಂತೀರಾ?"

"ಪರೀಕ್ಷೆಯಿಂದ ಬಿಟ್ಟೆ, ನಿಮ್ಮನ್ನ ಎಲ್ಲಿ ಬಿಡ್ತೀನಿ? ಮುದ್ದೆ ಕಟ್ಟೋವರ್ಗೂ ಬರ್ಬೇಕು."

ಯುಗಾದಿಗೆ ಮೊದಲೇ ಕೈ ವಾಸಿಯಾಯಿತು. ಬೆಳಿಗ್ಗೆ ಎದ್ದು ಮುದ್ದೆ ಕಟ್ಟಿ, ಉಪ್ಪೆಸರಿನ ಜೊತೆ ಡಬ್ಬಿಗೆ ಹಾಕಿ ಡಾಕ್ಟರಮ್ಮನಿಗೆ ತೆಗೆದುಕೊಂಡು ಹೋದೆ. ಕುಣಿಗಲ್ ಕಡೆಯ ಹೆಣ್ಣುಮಗಳಲ್ಲವೇ, ಮುರಿದು ಸಲೀಸಾಗಿ ನುಂಗಿದರು.

"ಅಜ್ಜಿ, ಒಂದು ಗಂಟು ಅದೆ."

"ಕೈಗೆ ಅಭ್ಯಾಸ ತಪ್ಪಿತ್ತು ಕಣಮ್ಮ, ನುಂಗು" ಎಂದೆ. ಡಾಕ್ಟರನ್ನು ನಾನು ಗದರಿಸಿದ್ದು ಅದೊಂದೇ ಸಲ. ಅವರು ತಲೆ ತಗ್ಗಿಸಿ ಡಬ್ಬಿ ಖಾಲಿ ಮಾಡಿದರು.

ಈ ಹಾಳೆಗಳನ್ನು ರದ್ದಿಗೆ ಹಾಕದೆ ನಿಮ್ಮ ಪುಸ್ತಕಗಳ ನಡುವೆ ಇಟ್ಟುಕೊಳ್ಳಿ, ಮಕ್ಕಳೇ.