ನೆಲ ಕೇಳಿ ಕಾಲಿಟ್ಟ ಕುದುರೆ

ಡಾಂಬರು ಮತ್ತು ಅಗಸೆ ಎಣ್ಣೆ. ಎರಡನ್ನೂ ಬಿಸಿ ಮಾಡಿ ಕಲಸಿದಾಗ ಏಳುವ ವಾಸನೆ ನನ್ನ ಮೂಗಿಗೆ ಬಡಿದು ಎಷ್ಟೋ ವರ್ಷಗಳಾಗಿದ್ದವು. ಹೋದ ವರ್ಷ ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ಕುದುರೆ ಓಟದ ಬಯಲಿನ ಬೇಲಿಗೆ ಒರಗಿ ನಿಂತಿದ್ದಾಗ ಅದು ಮತ್ತೆ ಬಂತು. ಓಟಕ್ಕೆ ಮುಂಚೆ ಅಲ್ಲಿ ಕುದುರೆಗಳನ್ನು ಜನರ ಮುಂದೆ ಒಂದು ಸುತ್ತು ನಡೆಸುತ್ತಾರೆ. ನನ್ನ ಮುಂದೆ ಹಾದುಹೋದ ಕಂದು ಕುದುರೆಯ ಗೊರಸುಗಳಿಗೆ ಆಗಷ್ಟೇ ಏನೋ ಹಚ್ಚಿದ್ದರು, ಕಪ್ಪಗೆ ಹೊಳೆಯುತ್ತಿದ್ದವು. ನಾನು ಬಗ್ಗಿ ಮೂಸಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಅಂಗಿ ಹಿಡಿದು ಹಿಂದಕ್ಕೆ ಎಳೆದಳು.

"ಮಂದಿ ನೋಡ್ಲಿಕತ್ತಾರ. ಕುದರಿ ಮೂಸಾಕ ವಿಮಾನ ಹತ್ತಿ ಬಂದೀರೇನು?"

ಅವಳು ನರ್ಸ್. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಎರಡು ವರ್ಷದ ಕೆಲಸಕ್ಕೆ ಹೋಗಿದ್ದಳು. ನಾನು ಭಾಲ್ಕಿಯ ನನ್ನ ಪಶು ಚಿಕಿತ್ಸೆಯ ಅಂಗಡಿಗೆ ಬೀಗ ಹಾಕಿ ಎರಡು ತಿಂಗಳು ಅವಳ ಜೊತೆ ಇರಲು ಹೋಗಿದ್ದೆ. ಓಟಕ್ಕೆ ಹೋಗೋಣ ಅಂದವನು ನಾನೇ. ಬಾಗಿಲಲ್ಲಿ ಒಬ್ಬ ಹೆಂಗಸು ಕೈಯಿಂದ ಬರೆದ ಹಲಗೆ ಹಿಡಿದು ಒಬ್ಬಳೇ ನಿಂತಿದ್ದಳು, ಈ ಆಟದಲ್ಲಿ ಸಾಯುವ ಕುದುರೆಗಳ ಬಗ್ಗೆ ಏನೋ ಬರೆದಿತ್ತು. ಅವಳು ಕೊಟ್ಟ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಜನರೊಂದಿಗೆ ನಾನೂ ಒಂದು ಕುದುರೆಯನ್ನು ಆರಿಸಿಕೊಂಡು ಕನ್ನಡದಲ್ಲಿ ಕೂಗಿದೆ. ಮೂರನೆಯ ಓಟದಲ್ಲಿ ಅದೇ ಕಂದು ಕುದುರೆ ಬೇಲಿ ಹಾರುವಾಗ ಬಿತ್ತು. ಎದ್ದು ನಿಂತಿತು. ಮುಂಗಾಲೊಂದು ಜೋತಾಡುತ್ತಿತ್ತು. ನಾಲ್ಕು ಜನ ಓಡಿಬಂದು ಸುತ್ತಲೂ ಹಸಿರು ಪರದೆ ಹಿಡಿದರು.

"ಪರದೆ ಯಾಕ ಹಿಡದಾರ?" ಎಂದು ಹೆಂಡತಿ ಕೇಳಿದಳು.

ಪರದೆಯ ಒಳಗೆ ಡಾಕ್ಟರ್ ಏನು ಮಾಡುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಒಮ್ಮೆ ಅದನ್ನು ನಾನೂ ಮಾಡಿದ್ದೆ, ಪರದೆ ಇಲ್ಲದೆ.

ಬೀದರದ ಅಂಚಿನ ನೌಬಾದದಲ್ಲಿ, ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ, ಬೇವಿನ ಗಿಡದ ಕೆಳಗೆ ಒಬ್ಬರು ಕೂಡುತ್ತಿದ್ದರು. ಎತ್ತು, ಕುದುರೆಗಳ ಗೊರಸಿಗೆ ಕಬ್ಬಿಣದ ನಾಲ ಹೊಡೆಯುವುದು ಅವರ ಕೆಲಸ. ಹೊಡೆದ ಮೇಲೆ ಡಾಂಬರು, ಅಗಸೆ ಎಣ್ಣೆ ಬಿಸಿ ಮಾಡಿ ಕಲಸಿ ಗೊರಸಿಗೆ ಹಚ್ಚುತ್ತಿದ್ದರು. ಓಣಿಯವರೆಲ್ಲ ನಾಲಬಂದ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ, ಇಲ್ಲೂ ಹಾಗೇ ಅನ್ನುತ್ತೇನೆ. ಬೀದರದ ಟಾಂಗಾಗಳು ಒಂದೊಂದಾಗಿ ನಿಂತುಹೋದ ಮೇಲೂ ಭಾಲ್ಕಿ, ಔರಾದ ಕಡೆಯ ರೈತರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅದಕ್ಕೆ ಕಾರಣ ಅವರ ಸುತ್ತಿಗೆಯಲ್ಲ. ಸುತ್ತಿಗೆ ಬೇರೆಯವರ ಹತ್ತಿರವೂ ಇತ್ತು. ನಾಲ ಹೊಡೆದಾದ ಮೇಲೆ ಅವರು ಪ್ರಾಣಿಯನ್ನು ಡಾಂಬರು ರಸ್ತೆಯ ಮೇಲೆ ಇಪ್ಪತ್ತು ಹೆಜ್ಜೆ ನಡೆಸಲು ಹೇಳಿ, ತಾವು ಕಣ್ಣು ಮುಚ್ಚಿ ಕೂಡುತ್ತಿದ್ದರು. ನಾಲ್ಕೂ ಕಾಲಿನ ಸಪ್ಪಳ ಒಂದೇ ತೂಕದಲ್ಲಿ ಕೇಳುವವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಎಷ್ಟೋ ಸಲ ಹೊಡೆದ ನಾಲವನ್ನು ಕಿತ್ತು ಮತ್ತೆ ಹೊಡೆದದ್ದನ್ನು ನೋಡಿದ್ದೇನೆ.

ನಾನು ಪಶುವೈದ್ಯ ಪದವಿ ಮುಗಿಸಿ ಬಂದ ದಿನ ಅವರು ನನ್ನನ್ನು ಗಿಡದ ಕೆಳಗೆ ಕೂಡಿಸಿಕೊಂಡರು. "ಐದ್ ವರ್ಷ ಓದಿದಿ. ಕಣ್ಣು ಮುಚ್ಚಿ ಹೇಳು, ಈ ಎತ್ತಿಂದು ಯಾವ ಕಾಲು ನೋಯ್ತದ?"

ನಾನು ತಪ್ಪು ಹೇಳಿದೆ.

"ಹೋಗ್ಲಿ ಬಿಡು ಡಾಕ್ಟರ್ ಸಾಬ. ಓದಿದ್ದು ಮರತ್ರ ಬರ್ತದ," ಅಂದರು. ಎತ್ತಿನವನೂ ನಕ್ಕ.

ಇನ್ನು ಆ ದಿನದ ಬಗ್ಗೆ. ಇದನ್ನು ನಾನು ಹಲವು ಸಲ, ಹಲವರಿಗೆ ಹೇಳಿದ್ದೇನೆ. ಪ್ರತಿ ಸಲವೂ ಸ್ವಲ್ಪ ನಯವಾಗಿದೆ. ಹಾಗಾಗಿ ಇಲ್ಲಿ ಖಾತ್ರಿ ಇರುವುದನ್ನು ಮಾತ್ರ ಬರೆಯಲು ನೋಡುತ್ತೇನೆ.

ಔರಾದ ತಾಲ್ಲೂಕಿನ ಒಂದು ಹಳ್ಳಿ. ಜೋಳ ಕೊಯ್ದ ಹೊಲದಲ್ಲಿ ಗಾಡಿ ಓಟ. ನಮ್ಮ ಗಡಿ ಭಾಗದ ಈ ಓಟವನ್ನು ಕಂಡಿರದವರಿಗೆ ಹೇಳಬೇಕು: ಒಂದೇ ನೊಗಕ್ಕೆ ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆಯನ್ನು ಕಟ್ಟುತ್ತಾರೆ. ಎತ್ತಿನ ನೇರ, ಕುದುರೆಯ ವೇಗ ಎರಡೂ ಸಿಗುತ್ತವೆ ಎಂಬ ಲೆಕ್ಕ. ನಿಜಕ್ಕೂ ಎರಡಕ್ಕೂ ತಮ್ಮ ನಡಿಗೆ ಸಿಗುವುದಿಲ್ಲ. ಒಂದರ ಓಟವನ್ನು ಇನ್ನೊಂದರ ಹೆಗಲು ಪ್ರತಿ ಹೆಜ್ಜೆಗೂ ಜಗ್ಗುತ್ತಿರುತ್ತದೆ. ಇದು ನನಗೆ ಆಗಲೂ ಗೊತ್ತಿತ್ತು.

ಆ ಊರಿನ ಸಾಹುಕಾರರ ಹತ್ತಿರ ಒಂದು ಹೆಣ್ಣು ಕುದುರೆ ಇತ್ತು. ಕಂದು ಬಣ್ಣದ್ದು... ಇಲ್ಲ. ಕಂದು ಐರ್ಲೆಂಡಿನದು. ಇದು ಬಿಳಿ ಇರಬಹುದು, ಹಣೆಯ ಮೇಲೆ ಒಂದು ಬೂದು ಕಲೆ ಇತ್ತು. ಕಲೆ ಮಾತ್ರ ಖಾತ್ರಿ. ಓಟಕ್ಕೆ ನಾಲ್ಕು ದಿನ ಮುಂಚೆ ಕಾಕಾ ಅದಕ್ಕೆ ಹೊಸ ನಾಲ ಹೊಡೆದಿದ್ದರು. ನಾನು ಭಾಲ್ಕಿಯಲ್ಲಿ ಅಂಗಡಿ ತೆರೆದು ಆರು ತಿಂಗಳಾಗಿತ್ತು. ಸಾಹುಕಾರರು ಒಂದು ಮಾತು ಹೇಳಿದರೆ ಆ ಕಡೆಯ ಹತ್ತು ಹಳ್ಳಿಗಳ ದನಗಳು ನನ್ನ ಬಾಗಿಲಿಗೆ ಬರುತ್ತಿದ್ದವು. ಅವರು ನನ್ನನ್ನು ಓಟದ ಡಾಕ್ಟರ್ ಎಂದು ಕರೆದಾಗ ಕಾಕಾನನ್ನೂ ನನ್ನ ಬೈಕಿನ ಹಿಂದೆ ಕೂಡಿಸಿಕೊಂಡು ಹೋದೆ.

ಹೊಲಕ್ಕೆ ಹೋಗುವ ಮುಂಚೆ ಕಾಕಾ ಕುದುರೆಯನ್ನು ರಸ್ತೆಯ ಮೇಲೆ ನಡೆಸಲು ಹೇಳಿ ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತು ನಿಂತರು.

"ಮೂರ ಕಾಲು ನೆಲಕ್ಕ ಬೀಳ್ತಾವ. ನಾಲ್ಕನೇದು ನೆಲಾ ಕೇಳಿ ಬೀಳ್ತದ. ಇವತ್ತ ಬ್ಯಾಡ್ರಿ ಸಾಹುಕಾರ್ರ."

ನಾಲ ಹೊಡೆದ ಮೇಲೆ ಸಾಹುಕಾರರು ಅದನ್ನು ನಾಲ್ಕೂ ದಿನ ಬೆಳಗ್ಗೆ ಡಾಂಬರು ರಸ್ತೆಯ ಮೇಲೆ ಓಡಿಸಿದ್ದರು. ನಾನು ಬಲ ಮುಂಗಾಲಿನ ಗೊರಸಿನ ಮೇಲೆ ಕೈಯಿಟ್ಟೆ. ಬಿಸಿ ಇತ್ತು. ಮೇಲೆ ನಾಡಿ ಬಡಿಯುತ್ತಿತ್ತು. ಮೊಳೆ ಹೊಡೆದ ಜಾಗಗಳನ್ನು ಒತ್ತಿದಾಗ ಕಾಲು ಎಳೆದುಕೊಳ್ಳಲಿಲ್ಲ; ಗಟ್ಟಿ ರಸ್ತೆಯ ಏಟು ಒಳಗೆ ಎಲುಬಿಗೆ ಹತ್ತಿತ್ತು. ಇನ್ನಾವ ಪರೀಕ್ಷೆಯೂ ಬೇಕಿರಲಿಲ್ಲ. ಸಾಹುಕಾರರು ನನ್ನ ಮುಖ ನೋಡುತ್ತಿದ್ದರು. ಸುತ್ತಲೂ ಮೂವತ್ತು ನಲವತ್ತು ಜನ ಇದ್ದರು.

"ಏನ್ರಿ ಡಾಕ್ಟರ್, ನಿಮ್ಮ ಓದಿನ್ಯಾಗ ಇದಕ್ಕ ಔಷಧ ಇಲ್ಲೇನು?"

ಇತ್ತು. ಕಾಲಿನ ನರದ ಹತ್ತಿರ ಚುಚ್ಚಿದರೆ ಅದರ ಕೆಳಗಿನದೆಲ್ಲ ಸ್ವಲ್ಪ ಹೊತ್ತು ಮರಗಟ್ಟುವ ಸೂಜಿ. ನೋವು ಎಲ್ಲಿದೆ ಎಂದು ಹುಡುಕಲು, ಹೊಲಿಗೆ ಹಾಕಲು ಅದನ್ನು ಬಳಸುತ್ತೇವೆ. ಓಡಿಸಲು ಬಳಸಬಾರದು ಎಂದು ಮೊದಲ ಪಾಠದಲ್ಲೇ ಕಲಿಸುತ್ತಾರೆ. ಗಾಡಿಗಳ ಮರೆಯಲ್ಲಿ ಚುಚ್ಚಿದೆ. ಕಾಕಾ ನೋಡಿದರು. ಹತ್ತು ನಿಮಿಷದ ಮೇಲೆ ಕುದುರೆಯನ್ನು ಮತ್ತೆ ನಡೆಸಿದಾಗ ನಾಲ್ಕೂ ಕಾಲು ಸರಿಯಾಗಿ ಬಿದ್ದವು. ಜನ ಸಿಳ್ಳೆ ಹಾಕಿದರು.

ಕಾಕಾ ನನಗೊಬ್ಬನಿಗೇ ಕೇಳುವಂತೆ ಹೇಳಿದರು: "ಈಗ ನೆಲಾ ಕೇಳೂದೂ ಬಿಟ್ಟಳಲ್ಲೋ."

ಹೊಲದ ಕೊನೆಯಲ್ಲಿ ಗಾಡಿ ನಿಲ್ಲಿಸುವಾಗ ಕಾಲು ಮುರಿಯಿತು. ಮೊದಲ ಬಹುಮಾನ ಆ ಗಾಡಿಗೇ ಬಂದಿತ್ತು. ಕುದುರೆ ಬೀಳಲೂ ಆಗದೆ, ನೊಗಕ್ಕೆ ಜೋತುಬಿದ್ದು, ಮುರಿದ ಕಾಲನ್ನೇ ಮತ್ತೆ ಮತ್ತೆ ಊರುತ್ತಿತ್ತು. ಅದಕ್ಕೆ ಗೊತ್ತೇ ಆಗಿರಲಿಲ್ಲ. ಗೊತ್ತಾಗುವ ಜಾಗವನ್ನು ನಾನು ಮುಚ್ಚಿದ್ದೆ. ನೊಗ ಬಿಚ್ಚಿ ಮಲಗಿಸಿದೆವು. ಕಾಕಾ ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕೊನೆಯ ಸೂಜಿ ಕೊಟ್ಟೆ.

ಆಗ ಸಾಹುಕಾರರು ಎಲ್ಲರ ಮುಂದೆ ಕೇಳಿದರು: "ಹೊಸಾ ನಾಲ ಹೊಡಸೀನಿ. ಮೊಳಿ ಜೀವಕ್ಕ ಹತ್ತಿತ್ತೇನ್ರಿ ಡಾಕ್ಟರ್?"

ನಾಲದ ಮೊಳೆ ಗೊರಸಿನ ಒಳಗಿನ ಹಸಿ ಮಾಂಸಕ್ಕೆ ತಾಗಿದರೆ ಪ್ರಾಣಿ ಕಾಲು ತಪ್ಪುತ್ತದೆ. ಒಬ್ಬ ನಾಲಬಂದನ ಮೇಲೆ ಹಾಕಬಹುದಾದ ಅತಿ ದೊಡ್ಡ ಮಾತು ಅದು. ಅದು ಸುಳ್ಳು ಎಂದು ಆ ಹೊಲದಲ್ಲಿ ಖಾತ್ರಿಯಾಗಿ ಗೊತ್ತಿದ್ದವರು ಇಬ್ಬರೇ. ಒಬ್ಬರ ತೊಡೆಯ ಮೇಲೆ ಸತ್ತ ಕುದುರೆಯ ತಲೆ ಇತ್ತು.

"ಇರಬಹುದ್ರಿ," ಅಂದೆ.

ಕಾಕಾ ತಲೆಯೆತ್ತಿ ನನ್ನ ಕಡೆ ನೋಡಿದರು. ಸಿಟ್ಟಿನಿಂದ ಅಲ್ಲ. ನಾನು ಇನ್ನೂ ಏನೋ ಹೇಳುತ್ತೇನೆ ಎಂದು ಕಾಯುವವರ ಹಾಗೆ... ನಾನು ಕೈ ತೊಳೆಯಲು ನೀರು ಕೇಳಿದೆ.

ಇದನ್ನೆಲ್ಲ ಐರ್ಲೆಂಡಿನಲ್ಲಿ, ಓಟದಿಂದ ಮರಳುವ ಬಸ್ಸಿನಲ್ಲಿ, ಹೆಂಡತಿಗೆ ಹೇಳಿದೆ. ಅವಳು ಕೇಳಿದಳು, "ಮದುವ್ಯಾದ ಹೊಸದಾಗಿ ಬ್ಯಾರೆ ಹೇಳಿದ್ರಲ್ಲ? ವಾಪಸ್ ಬರುವಾಗ ಬೈಕ್ ಮ್ಯಾಲ ಕಾಕಾ ನಿಮ್ಮ ಹೆಗಲ ಮ್ಯಾಲ ಕೈ ಇಟ್ಟು, ಹೋಗ್ಲಿ ಬಿಡು ಅಂದ್ರು ಅಂತ?"

ಹೌದು, ಹಾಗೆ ಹೇಳಿದ್ದೆ. ವರ್ಷಗಟ್ಟಲೆ ನಾನೂ ಅದನ್ನೇ ನಂಬಿದ್ದೆ. ಹೆಗಲ ಮೇಲಿನ ಕೈಯ ಭಾರ ಕೂಡ ನೆನಪಿತ್ತು. ಆದರೆ ಆ ದಿನ ನಾನು ನೌಬಾದಕ್ಕೆ ಮರಳಲೇ ಇಲ್ಲ. ಸಾಹುಕಾರರ ಮನೆಯಲ್ಲಿ ಉಂಡು, ಅವರ ಎಮ್ಮೆಯೊಂದನ್ನು ನೋಡಿ, ಅಲ್ಲಿಂದ ನೇರ ಭಾಲ್ಕಿಗೆ ಹೋದೆ. ಬೈಕಿನ ಹಿಂದೆ ಯಾರೂ ಇರಲಿಲ್ಲ. ಕಾಕಾ ಬೀದರಕ್ಕೆ ಹೇಗೆ ಹೋದರೋ ನನಗೆ ಗೊತ್ತಿಲ್ಲ. "ಹೋಗ್ಲಿ ಬಿಡು" ಎಂಬ ಮಾತು ಅವರದೇ. ಬೇರೊಂದು ದಿನ, ಎತ್ತಿನ ಕಾಲಿನ ಬಗ್ಗೆ ತಪ್ಪು ಹೇಳಿದಾಗ ಅಂದಿದ್ದು. ಅದನ್ನು ತಂದು ಇಲ್ಲಿ ಹೊಲಿದುಕೊಂಡಿದ್ದೆ.

ನಾನು ಇದನ್ನು ಹೇಳಿದಾಗ ಹೆಂಡತಿ ಕಿಟಕಿಯ ಕಡೆ ತಿರುಗಿದಳು. "ಹಂಗಾದ್ರ ನನಗ ನೀವು ಹೇಳಿದ್ದು ಇನ್ನೂ ಏನೇನ ಸುಳ್ಳೋ," ಅಂದಳು.

ಆ ಓಟದ ಮೇಲೆ ಔರಾದ ಕಡೆಯವರು ಕಾಕಾನ ಹತ್ತಿರ ಬರುವುದನ್ನು ಬಿಟ್ಟರು, ಆಮೇಲೆ ಭಾಲ್ಕಿಯವರೂ. ನನ್ನ ಅಂಗಡಿ ನಡೆಯಿತು. ನೌಬಾದಕ್ಕೆ ಹೋದಾಗ ಬೇವಿನ ಗಿಡದ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಿದ್ದೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡರು ಎಂದು ಯಾರೋ ಹೇಳಿದರು. ಮಣ್ಣಿಗೂ ಹೋಗಲಿಲ್ಲ.

ಐರ್ಲೆಂಡಿನಿಂದ ಊರಿಗೆ ಮರಳಿದ ವಾರವೇ ಕಾಕಾನ ಮನೆಗೆ ಹೋದೆ. ಅವರ ಹೆಂಡತಿ ಕಾಕಿ ಹೊಸ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸೂಜಿಯಿಂದ ಹಿಡಿದು "ಇರಬಹುದ್ರಿ" ವರೆಗೆ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ಗೊತ್ತದ. ಅವತ್ತೇ ಬಂದು ಹೇಳಿದ್ರು."

"ಮತ್ತ ಯಾರಿಗೂ ಯಾಕ ಹೇಳಲಿಲ್ಲ ಕಾಕಿ?"

"ನಾನೂ ಅದೇ ಕೇಳಿದೆ. ಹುಡುಗನ ಅಂಗಡಿ ಹೊಸಾದು, ನಾ ಬಾಯಿ ಬಿಟ್ರ ಅವನ ಅನ್ನ ಹೋಗ್ತದ, ನಾಳಿಗಿ ಅವನೇ ಹೋಗಿ ಹೇಳ್ತಾನ ಅಂದ್ರು." ಒಂದು ಬೀಜ ಕಿತ್ತು ಮೊರಕ್ಕೆ ಹಾಕಿದರು. "ನಾಳಿಗಿ, ನಾಳಿಗಿ ಅಂತಿದ್ರು."

ಆಮೇಲೆ ನನ್ನ ಕಡೆ ನೋಡಿದರು. "ನನ್ನ ಮುಂದ ಹೇಳಿ ಏನಾಗೂದದ? ಎಲ್ಲಿ ಅಂದಿದ್ದಿ ಅಲ್ಲಿ ಹೋಗಿ ಹೇಳು."

ಮರುದಿನ ಔರಾದ ದಾಟಿ ಆ ಹಳ್ಳಿಗೆ ಹೋದೆ. ಸಾಹುಕಾರರಿಗೆ ಈಗ ಎಪ್ಪತ್ತು ದಾಟಿದೆ. ಕಟ್ಟೆಯ ಮೇಲೆ ಐದಾರು ಜನರ ನಡುವೆ ಕೂತಿದ್ದರು. ನನ್ನನ್ನು ನೋಡಿ ಬಹಳ ಖುಷಿಪಟ್ಟು ಪಕ್ಕದಲ್ಲಿ ಜಾಗ ಮಾಡಿದರು. ನಾನು ಕೂಡದೆ, ನಿಂತೇ ಹೇಳಿದೆ: ಆ ಕುದುರೆಯ ಸಾವಿಗೆ ನಾಲಬಂದ ಕಾಕಾ ಕಾರಣ ಅಲ್ಲ. ಅವರು ಬೇಡ ಅಂದಿದ್ದರು. ಸೂಜಿ ಚುಚ್ಚಿ ಓಡಿಸಿದವನು ನಾನು. ಮೊಳೆ ಎಲ್ಲೂ ತಾಗಿರಲಿಲ್ಲ.

ಸಾಹುಕಾರರ ಕಣ್ಣು ಒದ್ದೆಯಾಯಿತು.

"ನೋಡ್ರಿ," ಎಂದು ಕಟ್ಟೆಯವರ ಕಡೆ ತಿರುಗಿದರು. "ಆ ಮುದುಕ ಸತ್ತು ಎಷ್ಟ ವರ್ಷಾತು. ಅವಂದು ತಪ್ಪು ಇವರು ತಮ್ಮ ಮ್ಯಾಲ ತಗೊಳ್ಳಿಕತ್ತಾರ. ಓದಿದ ಮನುಷ್ಯಾರ ಗುಣಾನೇ ಬ್ಯಾರೆ."

"ಇಲ್ರಿ ಸಾಹುಕಾರ್ರ, ಖರೇನೇ ನಾನು..."

"ಇರ್ಲಿ ಇರ್ಲಿ. ಸತ್ತವರಿಗಿ ಕೆಟ್ಟ ಹೆಸರು ಬ್ಯಾಡಂತ ನಿಮ್ಮ ಮನಸ್ಸು. ತಿಳೀತು ನನಗ." ನನ್ನ ಕೈ ಹಿಡಿದುಕೊಂಡರು. ಒಬ್ಬರು ಚಹಾ ತರಲು ಎದ್ದರು. ಇನ್ನೊಬ್ಬರು ಈ ಸಲದ ಓಟಕ್ಕೂ ನಾನೇ ಡಾಕ್ಟರ್ ಆಗಿ ಬರಬೇಕು ಅಂದರು.

ನಾನು ಇನ್ನೊಮ್ಮೆ ಹೇಳಿದೆ. ಆಮೇಲೆ ಮತ್ತೊಮ್ಮೆ. ಹೇಳಿದಷ್ಟೂ ಅವರ ಕಣ್ಣಿನಲ್ಲಿ ನಾನು ದೊಡ್ಡವನಾಗುತ್ತಾ ಹೋದೆ. ಆ ಊರಿನಲ್ಲಿ ಕಾಕಾ ಇಂದಿಗೂ ಮೊಳೆ ತಪ್ಪು ಹೊಡೆದು ಕುದುರೆ ಕೊಂದವರು.