ಕಾಲು ತೊಳೆದು ಬಂದ ಮಾವ

ಗೆಳೆಯರೇ, ಇವತ್ತು ಅಕ್ಕನ ಮಗುವನ್ನು ನೋಡಲು ಮಾವ ರಬ್ಬರ್ ತೋಟದಿಂದ ನೇರ ಐವರ್ನಾಡಿನ ನಮ್ಮ ಮನೆಗೆ ಬಂದರು. ಅಂಗಳದಲ್ಲಿ ಚೊಕ್ಕವಾಗಿ ಕಾಲು ತೊಳೆದು ಒಳಬಂದವರೇ ಮಗುವಿಗೆ ಕೈ ಚಾಚಿದರು. ಮಗು ಭೇದಿಯಿಂದ ಈಗಷ್ಟೇ ಚೇತರಿಸಿಕೊಂಡಿದೆ. ಹಿರಿಯರಿಗೆ ಹೇಳುವುದು ಹೇಗೆಂದು ನಾನು ನೆಲ ನೋಡಿದೆ. ಅಕ್ಕ ಹೇಳಿಯೇಬಿಟ್ಟಳು.

"ಮಾವ, ಸೋಪು ಹಾಕಿ ಕೈ ತೊಳೆದು ಬನ್ನಿ."

"ಕಾಲು ತೊಳ್ದೇ ಬಂದದ್ದು ಮಾರಾಯ್ತಿ."

"ಮಗುವನ್ನು ಎತ್ತುದು ಕಾಲಲ್ಲಿಯಾ?"

ಮಾವ ಸರ್ರನೆ ತಿರುಗಿ ಹೊರಗೆ ಹೋದರು. ಸಿಟ್ಟಾದರೆಂದುಕೊಂಡೆವು. ಒದ್ದೆ ಕೈ ಒರಸಿಕೊಳ್ಳುತ್ತ ಬಂದು ಮಗುವನ್ನು ಎತ್ತಿಕೊಂಡರು.

ಆಮೇಲೆ ಅವರನ್ನು ಹುಡುಕಿಕೊಂಡು ಅತ್ತೆಯೂ ಕಾಲು ತೊಳೆದು ಒಳಬಂದರು. ಮಾವ ಮಗುವನ್ನು ಎದೆಗವಚಿಕೊಂಡು, "ಕೈಗೆ ಸೋಪು ಹಾಕಿದ್ದುಂಟಾ? ಇಲ್ಲದಿದ್ರೆ ದೂರದಿಂದ ನೋಡು" ಎಂದರು.

ಅಂಗಳದ ನೀರಿನ ಬಕೆಟಿನ ಪಕ್ಕ ಒಂದು ಸೋಪು ಇಟ್ಟು ಬಂದಿದ್ದೇನೆ. ನನ್ನಂಥವರ ಪರವಾಗಿ ಇನ್ನು ಅದೇ ಮಾತಾಡಲಿ.