ರಾಹುಕಾಲದಲ್ಲಿ ಡೌನ್‌ಲೋಡ್

ತೀರಿಕೊಂಡ ನಮ್ಮ ದೊಡ್ಡಮ್ಮ ಹಾಡಿದ್ದ ಆರತಿ ಹಾಡುಗಳ ಕ್ಯಾಸೆಟ್‌ಗಳನ್ನೆಲ್ಲ ಮಲ್ಲೇಶ್ವರದಲ್ಲಿರುವ ಅವರ ಮಗ ಕಂಪ್ಯೂಟರಿಗೆ ಇಳಿಸಿ, ಒಂದೇ ದೊಡ್ಡ ಜಿಪ್ ಫೈಲ್ ಮಾಡಿ, ಬೆಳಿಗ್ಗೆಯೇ ನನಗೆ ಲಿಂಕ್ ಕಳಿಸಿದ್ದ. ಸಂಜೆ ಐದಕ್ಕೆ ಲಿಂಕ್ ಮುಚ್ಚಿಹೋಗುತ್ತದೆ ಎಂದೂ ಬರೆದಿದ್ದ. ಅಕ್ಕನ ದನಿ ಕೇಳಬಹುದೆಂದು ಅಮ್ಮ ತಿಂಡಿಗೂ ಮುಂಚೆ ಕಿವಿಯ ಮಿಷನ್ ಹಾಕಿಕೊಂಡು ನನ್ನ ಪಕ್ಕ ಕೂತಳು.

ಆಗಲೇ ಒತ್ತಿಬಿಡಬೇಕಿತ್ತು. ಆದರೆ ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರ ಸುದ್ದಿಗಳನ್ನು ಶ್ರದ್ಧೆಯಿಂದ ಓದುವವನು ನಾನು. ಕಳಿಸಿದ್ದು ಅಣ್ಣನೋ, ಅಣ್ಣನ ವೇಷದ ಕಳ್ಳನೋ? ಫೋನ್ ಮಾಡಿದೆ, ಮಾಡುತ್ತಲೇ ಇದ್ದೆ. ಅವನು ಎತ್ತಿದಾಗ ಮಧ್ಯಾಹ್ನ ಮೂರು.

"ಅಣ್ಣಾ, ಅದು ನೀನೇ ಕಳಿಸಿದ್ದಾ?"

"ಇಲ್ಲ ಕಣೋ, ನನ್ನ ದೆವ್ವ ಕಳಿಸ್ತು. ಒತ್ತೋ ಸುಮ್ನೆ!"

ಪುಟದಲ್ಲಿ ಮೂರು ಹಸಿರು ಡೌನ್‌ಲೋಡ್ ಬಟನ್. ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ. ಏನೋ ಒಂದು ಕ್ಷಣದಲ್ಲಿ ಇಳಿಯಿತು. ನಾಲ್ಕು ಜಿಬಿ ಹಾಡು ಇಷ್ಟು ಬೇಗ ಬರುತ್ತದೆಯೇ? ನೋಡಿದರೆ ಹೆಸರಿನ ಕೊನೆಯಲ್ಲಿ ಜಿಪ್ ಇಲ್ಲ. ಯಾವುದೋ ಗೊತ್ತಿಲ್ಲದ ಪ್ರೋಗ್ರಾಂ. "ಏನೋ ಕೆಟ್ಟದ್ದು ಬಂತಮ್ಮಾ" ಎನ್ನುತ್ತಾ ಅಳಿಸಿ, ವೈರಸ್ ಸ್ಕ್ಯಾನ್ ಹಾಕಿದೆ. ಅದು ಮುಗಿದಾಗ ಮೂರೂವರೆ. ಜಾಹೀರಾತುಗಳ ಕೆಳಗೆ ಸಣ್ಣಕ್ಷರದಲ್ಲಿದ್ದ ಅಸಲಿ ಬಟನ್ ಸಿಕ್ಕಿತು.

"ತಡಿಯೋ," ಎಂದಳು ಅಮ್ಮ. "ಮಂಗಳವಾರ. ಮೂರರಿಂದ ನಾಲ್ಕೂವರೆವರೆಗೂ ರಾಹುಕಾಲ."

"ಅಮ್ಮಾ, ಇದೇನು ಗೃಹಪ್ರವೇಶಾನಾ?"

"ಆಗ್ಲೇ ಏನೋ ಕೆಟ್ಟದ್ದು ಬಂತು ಅಂದ್ಯಲ್ಲ, ಎಷ್ಟು ಹೊತ್ತಿಗೆ?"

ಮೂರು ಹೊಡೆದ ಮೇಲೆ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಕಾದೆ.

ನಾಲ್ಕು ಮೂವತ್ತೊಂದಕ್ಕೆ ಒತ್ತಿದೆ. ಐದಕ್ಕೆ ಇನ್ನೈದು ನಿಮಿಷ ಇರುವಾಗ, ನೂರಕ್ಕೆ ತೊಂಬತ್ತೆರಡು ಇಳಿದಿರುವಾಗ, ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಬಂದಿದ್ದು ಐದೂಕಾಲಿಗೆ. ಲಿಂಕ್ ಮುಚ್ಚಿತ್ತು. ಇಳಿದಷ್ಟನ್ನಾದರೂ ಬಿಚ್ಚೋಣವೆಂದರೆ 'ಫೈಲ್ ಹಾಳಾಗಿದೆ' ಎಂಬ ಉತ್ತರ.

ಫೋನಿನ ಸ್ಪೀಕರಿನಲ್ಲಿ ಅಣ್ಣ ನಕ್ಕಿದ್ದೇ ನಕ್ಕಿದ್ದು. "ರಾಹುಕಾಲ ಅಂತ ಕಾದ್ಯಾ? ಲೋ, ನಾನು ಅದನ್ನ ಅಪ್‌ಲೋಡ್ ಮಾಡಿದ್ದೇ ಸೋಮವಾರ ಬೆಳಿಗ್ಗೆ ಎಂಟಕ್ಕೆ, ರಾಹುಕಾಲದಲ್ಲಿ! ಹೋಗ್ಲಿ, ನಾಳೆ ಮತ್ತೆ ಹಾಕ್ತೀನಿ."

"ನೋಡ್ದ್ಯಾ, ಅದಕ್ಕೇ ಕೆಟ್ಟಿದ್ದು," ಎಂದು ಅಮ್ಮ ನನ್ನ ಕಡೆ ತಿರುಗಿದಳು. "ನಾಳೆ ಬುಧವಾರ, ಹನ್ನೆರಡರೊಳಗೆ ಇಳಿಸಿ ಮುಗಿಸು. ಒತ್ತೋಕೆ ಮುಂಚೆ ಯಾರಿಗೂ ಫೋನ್ ಮಾಡ್ಬೇಡ."

ಬೆಳಿಗ್ಗೆಯಿಂದ ಹಾಕಿಕೊಂಡಿದ್ದ ಮಿಷನ್ ತೆಗೆದು ಡಬ್ಬಿಗೆ ಹಾಕಿದಳು. ಕಳ್ಳ ಲಿಂಕುಗಳ ಅಪಾಯದ ಬಗ್ಗೆ ನಾನು ಉದ್ದಕ್ಕೆ ಸಮಜಾಯಿಷಿ ಕೊಟ್ಟೆ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ.